ಹಾಡಿಗೆ ಮುಂಚಿನ ಬೈಗುಳ

ಸೋಮವಾರ ಬೆಳಗ್ಗೆ ಹತ್ತೂ ಇಪ್ಪತ್ತಕ್ಕೆ ಹಲ್ಲಿನ ಡಾಕ್ಟರು ಠಾಣೆಯ ಮೆಟ್ಟಿಲು ಹತ್ತಿದರು. ಹುಟ್ಟಿದ ಕೂಸನ್ನು ಚುಚ್ಚುಮದ್ದಿಗೆ ತಂದವರ ಹಾಗೆ ಒಂದು ಚೌಕದ ರಟ್ಟಿನ ಕವರನ್ನು ಎದೆಗೆ ಅವುಚಿಕೊಂಡಿದ್ದರು. ಅವರ ಹಿಂದೆ ಬಂದ ಮಗಳು ತುಂಬು ಬಸುರಿ. ಒಳಗೆ ಬರದೆ ಬಾಗಿಲಿಗೆ ಒರಗಿ ನಿಂತಳು. ಅಪ್ಪನ ಮೇಲೆ ಅವಳಿಗೆ ಎಷ್ಟು ಸಿಟ್ಟಿತ್ತೆಂದರೆ, ದೂರು ಕೊಡಲು ಬಂದವರು ಯಾರು, ದೂರಿಗೆ ಒಳಗಾದವರು ಯಾರು ಎಂದು ಒಂದು ಕ್ಷಣ ಗೊತ್ತಾಗುತ್ತಿರಲಿಲ್ಲ.

ಬಾಗಿಲ ಬಳಿ ಡ್ಯೂಟಿಯಲ್ಲಿದ್ದ ಕಾನ್‌ಸ್ಟೇಬಲ್‌ಗೆ ಠಾಣೆಯಲ್ಲಿ ‘ಡೈಲಾಗ್’ ಎಂದೇ ಹೆಸರು. ಸಿನಿಮಾ ನೋಡಿ ನೋಡಿ ಅವನು ಸಮನ್ಸ್ ಕೊಡುವಾಗಲೂ ಇಂಟರ್‌ವಲ್ಲಿಗೆ ಮುಂಚಿನ ಸೀನಿನ ಹಾಗೆ ಮಾತಾಡುತ್ತಿದ್ದ. ಆವತ್ತು ಮಾತ್ರ ಡಾಕ್ಟರೇ ಅವನನ್ನು ಮೀರಿಸಿದರು.

“ಏನು ಕಳುವಾಗಿದೆ ಸರ್?”

“ರೆಕಾರ್ಡು.”

“ಕೈಯಲ್ಲಿರೋದೇನು?”

“ಇದೂ ರೆಕಾರ್ಡೇ.”

“ಮತ್ತೆ ಕಳುವಾಗಿದ್ದು?”

“ಇದರೊಳಗಿತ್ತಲ್ಲ, ಅದು.”

“ಈಗ ಒಳಗೇನೂ ಇಲ್ವಾ?”

“ಇದೆ. ಆದ್ರೆ ಇದು ಅದಲ್ಲ.”

ಡೈಲಾಗ್ ಒಮ್ಮೆ ಮಗಳ ಮುಖ ನೋಡಿದ, ಒಮ್ಮೆ ಒಳಗಿದ್ದ ಸ್ಟೇಷನ್ ರೈಟರಮ್ಮನ ಮುಖ ನೋಡಿದ. ಡಾಕ್ಟರು ಕೊಟ್ಟ ಕವರನ್ನು ಓರೆ ಮಾಡಿ ರೆಕಾರ್ಡಿನ ತಟ್ಟೆ ಹೊರಗೆಳೆದ. ತಟ್ಟೆಯ ಜೊತೆ ಅದನ್ನು ಸುತ್ತಿದ್ದ ಕಾಗದದ ಚೀಲವೂ ಬಂತು. ತಟ್ಟೆ ಕಪ್ಪಗಿತ್ತು, ದುಂಡಗಿತ್ತು, ನಡುವೆ ತೂತಿತ್ತು. ಅವನ ಮಟ್ಟಿಗೆ ಕೇಸು ಅಲ್ಲಿಗೆ ಮುಗಿದಿತ್ತು.

ಇನ್‌ಸ್ಪೆಕ್ಟರ್ ಸಾಹೇಬರು ಡಾಕ್ಟರನ್ನು ಕೂರಿಸಿ ನೀರು ಕೊಟ್ಟು ಪೂರ್ತಿ ಕೇಳಿದ ಮೇಲೆ ವಿಷಯ ತಿಳಿಯಿತು. ಡಾಕ್ಟರು ಹಳೆಯ ಸಿನಿಮಾ ಹಾಡುಗಳ ರೆಕಾರ್ಡು ಕೂಡಿಡುವವರು. ಅದರಲ್ಲೂ ಮೊದಲ ಅಚ್ಚಿನ ತಟ್ಟೆಗಳೆಂದರೆ ಪ್ರಾಣ. ಅವರಲ್ಲಿದ್ದ ಒಂದು ತಟ್ಟೆ, ಮೂರೇ ದಿನ ಓಡಿ ಡಬ್ಬ ಸೇರಿದ ಯಾವುದೋ ಸಿನಿಮಾದ್ದು. ಹಾಡುಗಳು ಮಾತ್ರ ಅಮೃತವಂತೆ. ಆದರೆ ಅದು ಅಪರೂಪವಾಗಿದ್ದು ಹಾಡಿನಿಂದಲ್ಲ, ಎಡವಟ್ಟಿನಿಂದ. ಕಂಪನಿಯವರು ಗಡಿಬಿಡಿಯಲ್ಲಿ ತಪ್ಪು ಟೇಪಿನಿಂದ ಅಚ್ಚು ಹಾಕಿಬಿಟ್ಟಿದ್ದರು. ಎರಡನೇ ಬದಿಯ ಕೊನೆಯ ಹಾಡು ಶುರುವಾಗುವ ಮುಂಚೆ ಸ್ಟುಡಿಯೋದ ಬೈಗುಳವೂ ತಟ್ಟೆಯೊಳಗೆ ಸೇರಿಹೋಗಿತ್ತು. ಟ್ರಂಪೆಟ್ ಊದುವವನೊಬ್ಬ ತನ್ನ ಸರದಿಗಿಂತ ಮುಂಚೆಯೇ ಊದಿಬಿಡುತ್ತಾನೆ. ಸಂಗೀತ ನಿರ್ದೇಶಕರು ಅವನನ್ನು ಉಗಿಯುತ್ತಾರೆ. ಕೂತಿದ್ದವರೆಲ್ಲ ಘೊಳ್ಳೆಂದು ನಗುತ್ತಾರೆ. ಆಮೇಲೆ ಹಾಡು. ಕಂಪನಿಗೆ ಗೊತ್ತಾಗಿ ಎಲ್ಲ ತಟ್ಟೆ ವಾಪಸು ತರಿಸಿ, ಬೈಗುಳ ಕತ್ತರಿಸಿ ಎರಡನೇ ಅಚ್ಚು ಹಾಕಿದರು. ವಾಪಸು ಹೋಗದೆ ಉಳಿದ ಬೆರಳೆಣಿಕೆಯ ತಟ್ಟೆಗಳಲ್ಲಿ ಡಾಕ್ಟರದ್ದೂ ಒಂದು.

ಪ್ರತಿ ಭಾನುವಾರ ಅವರ ಮನೆಯಲ್ಲಿ ಇಂಥದೇ ಹುಚ್ಚಿನ ಗೆಳೆಯರು ಸೇರುತ್ತಿದ್ದರು. ಹಿಂದಿನ ವಾರ ಬೈಗುಳ ಎಂದಿನಂತೆ ಬಂದಿತ್ತು. ನಿನ್ನೆ ಭಾನುವಾರ ಮತ್ತೆ ಆ ತಟ್ಟೆ ಹಾಕಿ, ಎಲ್ಲರೂ ಬೈಗುಳಕ್ಕೆ ಕಿವಿಗೊಟ್ಟು ಕೂತಿದ್ದಾಗ ಸೀದಾ ಹಾಡೇ ಬಂತು. ಕವರು ಅವರದೇ, ಒಳಗಿನದು ಎಲ್ಲ ಕಡೆ ಸಿಗುವ ಎರಡನೇ ಅಚ್ಚು.

“ಯಾರ ಮೇಲಾದ್ರೂ ಅನುಮಾನ?” ಸಾಹೇಬರು ಕೇಳಿದರು.

“ಇದೆ. ನಮ್ಮ ಅಳಿಯ ದೇವರು.”

ಮಗಳು ಆಗ ಒಳಗೆ ಬಂದಳು. ದನಿ ಏರಿಸಲಿಲ್ಲ.

“ಅವರ ಹೆಸರು ಆ ಕಾಗದದ ಮೇಲೆ ಬಿದ್ದ ದಿನ ನಾವಿಬ್ಬರೂ ಮನೆ ಬಿಡ್ತೀವಿ ಅಪ್ಪಾ. ಮಗು ಹುಟ್ಟಿದ್ಮೇಲೂ ಆ ಹೊಸ್ತಿಲು ತುಳಿಯಲ್ಲ. ಯೋಚನೆ ಮಾಡಿ ಬರೆಸು.”

ಡಾಕ್ಟರಿಗೆ ತಟ್ಟೆಯೂ ಬೇಕಿತ್ತು, ಮಗಳೂ ಬೇಕಿತ್ತು. ಅಳಿಯ ಮಾತ್ರ ಬೇಕಿರಲಿಲ್ಲ. ರೆಕಾರ್ಡಿನ ಕೋಣೆಯ ಒಂದು ಬೀಗದ ಕೈ ಡಾಕ್ಟರ ಹತ್ತಿರ, ಇನ್ನೊಂದು ಮಗಳ ಹತ್ತಿರ. ಬೀಗ ಒಡೆದಿಲ್ಲ. ಆ ಕೋಣೆಯನ್ನು ಮಗುವಿಗೆ ಬಿಡಿಸಿಕೊಡಿ ಎಂದು ಅಳಿಯ ಒಂದು ತಿಂಗಳಿಂದ ಕೇಳುತ್ತಿದ್ದ. ಅಳಿಯ ಮನೆ ತೊಳೆಯ ಎನ್ನುವ ಗಾದೆಯನ್ನು ಡಾಕ್ಟರು ಅಕ್ಷರಶಃ ನಂಬಿದ್ದರು.

ಭಾನುವಾರದವರೆಗೆ ನೋಡುತ್ತೇನೆ, ಆಮೇಲೆ ಹೆಸರು ಬರೆದುಕೊಡುತ್ತೇನೆ ಎಂದು ಹೇಳಿ ಡಾಕ್ಟರು ಸಹಿ ಹಾಕಿದರು. ರೈಟರಮ್ಮ ಅಪರಿಚಿತರ ವಿರುದ್ಧ ಎಫ್‌ಐಆರ್ ದಾಖಲಿಸಿದಾಗ ಗಂಟೆ ಹನ್ನೊಂದೂವರೆ. “ನನ್ನ ಸರ್ವೀಸಲ್ಲಿ, ಇದ್ದ ವಸ್ತು ಇದ್ದ ಜಾಗದಲ್ಲೇ ಇದ್ದು ಕಳುವಾಗಿದ್ದು ಇದೇ ಮೊದಲು,” ಎಂದು ಅವರು ಪೆನ್ನಿನ ಮುಚ್ಚಳ ಹಾಕಿದರು.

ಮಧ್ಯಾಹ್ನ ಮೂರಕ್ಕೆ ಸ್ಥಳ ಪಂಚನಾಮೆ. ಪಂಚರಾಗಿ ಪಕ್ಕದ ಮನೆಯ ಟ್ಯೂಷನ್ ಮೇಷ್ಟ್ರು ಮತ್ತು ಎದುರಿನ ಜೆರಾಕ್ಸ್ ಅಂಗಡಿಯವ ಬಂದರು. ಕೋಣೆಗೆ ದಪ್ಪ ಪರದೆ, ನೆಲದಿಂದ ಸೂರಿನವರೆಗೆ ಕಪಾಟು, ಅದರಲ್ಲಿ ಬೆನ್ನು ತೋರಿಸಿ ನೆಟ್ಟಗೆ ನಿಂತ ರೆಕಾರ್ಡುಗಳು. ಹಳೆಯ ಕಾಗದ ಮತ್ತು ಮೇಣದ ವಾಸನೆ. ಮಧ್ಯದಲ್ಲಿ ಒಂದೇ ಒಂದು ಒಳ್ಳೆಯ ಕುರ್ಚಿ, ಅದು ಡಾಕ್ಟರದ್ದು. ಉಳಿದವರಿಗೆ ಕ್ಲಿನಿಕ್ಕಿನಿಂದ ತಂದ ಹಳೆಯ ಬೆಂಚು.

ಡೈಲಾಗ್ ಸುಮ್ಮನಿರಲಾರದೆ ಒಂದು ಕವರು ಎಳೆದು, ಠಾಣೆಯಲ್ಲಿ ಮಾಡಿದ ಹಾಗೆಯೇ ಓರೆ ಮಾಡಿದ. ಈ ಸಲ ಚೀಲ ಬರಲಿಲ್ಲ. ಬರೀ ತಟ್ಟೆ ಸುಯ್ಯನೆ ಜಾರಿ ಹೊರಗೆ ಹಾರಿತು. ಡಾಕ್ಟರು ಆ ವಯಸ್ಸಿನಲ್ಲೂ ಎರಡು ಹೆಜ್ಜೆ ನೆಗೆದು ಅದರ ಅಂಚನ್ನು ಅಂಗೈಗಳ ನಡುವೆ ಹಿಡಿದರು. ಮೈದಾನದಲ್ಲಾಗಿದ್ದರೆ ಶಿಳ್ಳೆ ಬೀಳುತ್ತಿತ್ತು.

“ಅದೇನು ತಿಂಡಿ ತಟ್ಟೇನಾ? ಅಂಚು ಹಿಡೀಬೇಕು ಕಣಪ್ಪ, ಅಂಚು. ಹಾಡಿನ ಗೀರಿನ ಮೇಲೆ ಬೆರಳು ಬಿದ್ರೆ ಜಿಡ್ಡು ಕೂತು ಧೂಳು ಹಿಡಿಯುತ್ತೆ.”

ಡೈಲಾಗ್ ತಲೆಯಾಡಿಸಿದ. ಇನ್ನೊಂದು ಕವರು ಎಳೆದ, ಮತ್ತೊಂದು ಎಳೆದ. ಎಲ್ಲದರಲ್ಲೂ ತಟ್ಟೆ ಮಾತ್ರ ಜಾರಿ ಬಂತು. ಚೀಲ ಕವರಿನೊಳಗೇ ಉಳಿಯಿತು. ಅವನಿಗೆ ಕುತೂಹಲ ಹತ್ತಿತು.

“ಸರ್, ಬೆಳಗ್ಗೆ ತಂದಿದ್ರಲ್ಲ, ಅದರಲ್ಲಿ ಚೀಲಾನೂ ಬಂತು. ಇಲ್ಲಿ ಯಾಕೆ ಬರಲ್ಲ?”

ಕವರಿಗೆ ಒಂದು ಕಡೆ ಬಾಯಿ, ಒಳಗಿನ ಚೀಲಕ್ಕೂ ಒಂದು ಕಡೆ ಬಾಯಿ. ಎರಡೂ ಬಾಯಿ ಒಂದೇ ಕಡೆ ಇದ್ದರೆ ತಟ್ಟೆ ಸಲೀಸಾಗಿ ಜಾರಿ ಬರುತ್ತದೆ. ಡಾಕ್ಟರು ಎಲ್ಲವನ್ನೂ ಇಡುವುದು ಹಾಗೇ, ತೆಗೆಯಲು ಸುಲಭ ಎಂದು. ಚೀಲದ ಬಾಯಿಯನ್ನು ಮೇಲಕ್ಕೆ ತಿರುಗಿಸಿ ಇಟ್ಟರೆ ತಟ್ಟೆ ಜಾರುವುದಿಲ್ಲ, ಚೀಲದ ಸಮೇತ ಎಳೆಯಬೇಕು. ಇದನ್ನು ವಿವರಿಸುತ್ತಾ ಹೋದ ಡಾಕ್ಟರು ಅರ್ಧದಲ್ಲಿ ನಿಂತರು. ಭಾನುವಾರ ಅವರು ಎಳೆದಾಗಲೂ ಚೀಲ ಬಂದಿತ್ತು. ಹಾಡಿನ ಆಘಾತದಲ್ಲಿ ಅದು ಮರೆತೇಹೋಗಿತ್ತು. ಸಾಕ್ಷಿ ಕೆಡಬಾರದೆಂದು ಚೀಲ ಹೇಗಿತ್ತೋ ಹಾಗೇ ಇಟ್ಟು ಠಾಣೆಗೆ ತಂದಿದ್ದರು.

ಸಾಹೇಬರು ಅಳಿಯನನ್ನು ಕರೆಸಿದರು. ಬ್ಯಾಂಕಿನ ಕೆಲಸ ಮುಗಿಸಿ ಬಂದ ಅಳಿಯನಿಗೆ ಒಂದು ತಟ್ಟೆ ಕೊಟ್ಟು, ಕವರಿಗೆ ಹಾಕಿ ತೋರಿಸಿ ಎಂದರು. ಅವನು ಹೆಬ್ಬೆರಳನ್ನು ಗೀರುಗಳ ನಟ್ಟನಡುವೆ ಊರಿ, ಚೀಲ ಬಿಟ್ಟು ಬರೀ ಕವರಿಗೆ ತುರುಕಿದ. ಡಾಕ್ಟರು ಕಣ್ಣು ಮುಚ್ಚಿಕೊಂಡರು.

“ಬೇಕಂತಲೇ ನಾಟಕ ಆಡ್ತಿದಾನೆ,” ಎಂದರು.

“ನಾಟಕ ಆಡೋಷ್ಟು ಪ್ರೀತಿ ಇದರ ಮೇಲೆ ನನಗಿಲ್ಲ ಮಾವ,” ಎಂದ ಅಳಿಯ.

ಮಂಗಳವಾರ ಬೆರಳಚ್ಚಿನವರು ಬಂದರು. ಪುಡಿ ಉದುರಿಸಿದರೆ ಗೀರು ಹಾಳಾಗುತ್ತದೆಂದು ಡಾಕ್ಟರು ತಟ್ಟೆಗೆ ಅಡ್ಡ ನಿಂತರು. ಅದು ನಿಮ್ಮ ತಟ್ಟೆ ಅಲ್ಲವಲ್ಲ ಎಂದು ಸಾಹೇಬರು ನೆನಪಿಸಿದ ಮೇಲೂ ಅವರು ಅಲ್ಲಾಡಲಿಲ್ಲ. ಕೊನೆಗೆ ಬರೀ ಲೈಟು ಹಾಕಿ ನೋಡಿದರು. ಗೀರುಗಳ ಮೇಲೆ ಒಂದೂ ಬೆರಳಿನ ಗುರುತಿಲ್ಲ. ಇಟ್ಟವರು ತಟ್ಟೆ ಹಿಡಿಯಲು ಬಲ್ಲವರು.

ಬುಧವಾರ ಡೈಲಾಗ್ ಹಳೆಯ ರೆಕಾರ್ಡು ಮಾರುವವನ ಅಂಗಡಿಗೆ ಹೋದ. ಎರಡನೇ ಅಚ್ಚು ಯಾರು ಕೊಂಡರು ಎಂದು ಕೇಳಿದರೆ, ತರಕಾರಿ ಯಾರು ಕೊಂಡರು ಅಂತ ಕೇಳಿದ ಹಾಗಾಯ್ತು ಎಂದು ಅಂಗಡಿಯವ ನಕ್ಕ. ಬಿಲ್ಲು ಗಿಲ್ಲು ಅವನ ಜಾಯಮಾನದಲ್ಲೇ ಇರಲಿಲ್ಲ. ಬಂದ ದಾರಿಗೆ ಸುಂಕವಿಲ್ಲ ಎಂದು ಡೈಲಾಗ್ ಹೊರಡುವವನಿದ್ದ. ಆದರೆ ಆ ಬೈಗುಳ ಹೇಗಿರುತ್ತದೆ ಎಂಬ ಕುತೂಹಲ ಅವನನ್ನು ತಡೆಯಿತು. ಅಂಗಡಿಯವ ಎದ್ದು ನಿಂತು ಇಡೀ ಸೀನನ್ನೇ ಮಾಡಿ ತೋರಿಸಿದ. ಮೊದಲು ಬಾಯಲ್ಲೇ ಟ್ರಂಪೆಟ್ಟು. ಆಮೇಲೆ ನಿರ್ದೇಶಕರ ಗಡಸು ದನಿ: ಯಾರಯ್ಯಾ ಅದು, ಟ್ರಂಪೆಟ್ಟೋ ಬಸ್ಸಿನ ಹಾರನ್ನೋ? ಆಮೇಲೆ ಎಲ್ಲರ ನಗು. ಕೊನೆಗೆ ಒಂದು ಸಣ್ಣ ದನಿ: ಇನ್ನೊಂದ್ಸಲ ಸರ್, ಸರಿಯಾಗಿ ಊದ್ತೀನಿ.

ಡೈಲಾಗ್ ಹೊಟ್ಟೆ ಹಿಡಿದುಕೊಂಡು ನಕ್ಕ. ರೆಕಾರ್ಡಿನವರ ನಡುವೆ ಅದೊಂದು ಮಾಮೂಲಿ ಮಾತಾಗಿದೆಯಂತೆ. ಯಾರಾದರೂ ಕಾಫಿ ಚೆಲ್ಲಿದರೆ, ಗಾಡಿ ಸ್ಟಾರ್ಟ್ ಆಗದಿದ್ದರೆ, ಎಲ್ಲರೂ ಒಟ್ಟಿಗೆ ‘ಇನ್ನೊಂದ್ಸಲ ಸರ್’ ಎನ್ನುತ್ತಾರಂತೆ. ಆ ಊದುವವನನ್ನು ಆಮೇಲೆ ಯಾವ ಸ್ಟುಡಿಯೋದವರೂ ಕರೆಯಲಿಲ್ಲವಂತೆ. ಯಾರು, ಎಲ್ಲಿಯವನು ಎಂದು ಯಾರಿಗೂ ಗೊತ್ತಿರಲಿಲ್ಲ.

ಭಾನುವಾರ ಬಂತು. ಡಾಕ್ಟರ ಮನೆಯ ಜಗುಲಿಯಲ್ಲಿ ಮಗಳ ಎರಡು ಸೂಟ್‌ಕೇಸು ಆಗಲೇ ನಿಂತಿದ್ದವು. ಎಲ್ಲರೂ ಅವನ್ನು ಸುತ್ತುಬಳಸಿ ಓಡಾಡಿದರು.

ಸಾಹೇಬರೂ ಡೈಲಾಗೂ ಮಫ್ತಿಯಲ್ಲಿ ಬಂದಿದ್ದರು. ಪರಿಚಯ ಮಾಡಿಸುವಾಗ ಡಾಕ್ಟರು ಗಾಬರಿಯಾಗಿ, ಇವರು ರೂಟ್ ಕೆನಾಲ್ ಪೇಷೆಂಟು, ಹಾಡೆಂದರೆ ಇಷ್ಟ ಎಂದುಬಿಟ್ಟರು. ಪಾಪ, ಸಾಹೇಬರು ಎರಡು ಗಂಟೆ ಕೆನ್ನೆಗೆ ಕೈ ಒತ್ತಿಕೊಂಡೇ ಕೂರಬೇಕಾಯಿತು. ಗೆಳೆಯರು ಮೂವರು: ಫೋಟೋ ಸ್ಟುಡಿಯೋದವ, ಸಸ್ಯಶಾಸ್ತ್ರದ ಲೆಕ್ಚರರ್, ಕನ್ನಡಕದ ಅಂಗಡಿಯವ. ಮೂವರೂ ತಮ್ಮ ತಮ್ಮ ರೆಕಾರ್ಡುಗಳನ್ನು ಬಟ್ಟೆ ಚೀಲದಲ್ಲಿ ತಂದಿದ್ದರು. ಹಾಗೆ ತಂದು ಕೇಳಿಸಿ ವಾಪಸು ಒಯ್ಯುವುದು ಅಲ್ಲಿನ ರೂಢಿ. ಬರುವ ಚೀಲವನ್ನಾಗಲಿ ಹೋಗುವ ಚೀಲವನ್ನಾಗಲಿ ಯಾರೂ ಬಿಚ್ಚಿ ನೋಡುವುದಿಲ್ಲ.

ಡೈಲಾಗ್ ಹೊಸಬನ ಉತ್ಸಾಹ ನಟಿಸಿದ. ಅರ್ಧ ನಟನೆ, ಅರ್ಧ ನಿಜ. ಒಬ್ಬೊಬ್ಬರೂ ಡಾಕ್ಟರ ಕಪಾಟಿನಿಂದ ನಿಮಗಿಷ್ಟವಾದ ಒಂದು ತಟ್ಟೆ ಹಾಕಿ ಎಂದು ದುಂಬಾಲು ಬಿದ್ದ. ಫೋಟೋದವನು ಹಾಡು ಮುಗಿದ ಮೇಲೆ ತಟ್ಟೆಯನ್ನು ಚೀಲಕ್ಕೆ ಹಾಕಿ, ಎರಡೂ ಬಾಯಿ ಒಂದೇ ಕಡೆ ಮಾಡಿ ಕವರಿಗೆ ಸೇರಿಸಿದ. ಲೆಕ್ಚರರೂ ಹಾಗೇ. ಕನ್ನಡಕದವನು ತಟ್ಟೆಯನ್ನು ಚೀಲಕ್ಕಿಳಿಸಿ, ಕಾಲು ಸುತ್ತು ತಿರುಗಿಸಿ, ಬಾಯಿ ಮೇಲೆ ಮಾಡಿ, ಆಮೇಲೆ ಕವರಿಗೆ ಹಾಕಿದ. ಎದುರಿಗೆ ಕೂತಿದ್ದ ಲೆಕ್ಚರರ ಜೊತೆ ಮಾತಾಡುತ್ತಲೇ ಇದ್ದ. ಕೈ ತನ್ನ ಪಾಡಿಗೆ ತಾನು ಕೆಲಸ ಮುಗಿಸಿತ್ತು.

ಡೈಲಾಗ್ ಸಾಹೇಬರತ್ತ ನೋಡಿದ. ಸಾಹೇಬರು ಕೆನ್ನೆಯ ಮೇಲಿದ್ದ ಕೈಯ ಒಂದು ಬೆರಳು ಎತ್ತಿದರು, ತಡಿ ಎಂದು.

ತಡೆಯುವ ಜಾಯಮಾನ ಡೈಲಾಗಿನದಲ್ಲ. ಪ್ಲೇಯರಿನ ಮುಳ್ಳು ಎತ್ತಿಡುವಾಗ ಬೇಕೆಂದೇ ಸ್ವಲ್ಪ ತಡವರಿಸಿ, ರೆಕಾರ್ಡು ಅಂಗಡಿಯವನಿಂದ ಕಲಿತ ಸಣ್ಣ ದನಿ ತೆಗೆದು ‘ಇನ್ನೊಂದ್ಸಲ ಸರ್’ ಎಂದ. ಫೋಟೋದವನು ತೊಡೆ ತಟ್ಟಿಕೊಂಡ, ಲೆಕ್ಚರರಿಗೆ ನಕ್ಕೂ ನಕ್ಕೂ ಕೆಮ್ಮು ಬಂತು. ಕನ್ನಡಕದವನೂ ನಕ್ಕ. ಆದರೆ ಎಲ್ಲರಿಗಿಂತ ಮುಂಚೆ ನಕ್ಕ. ಡೈಲಾಗಿನ ಮಾತು ಇನ್ನೂ ಬಾಯಲ್ಲಿರುವಾಗಲೇ ನಕ್ಕು, ಎಲ್ಲರಿಗಿಂತ ಮುಂಚೆ ಮುಗಿಸಿದ. ಕಹಿ ಔಷಧಿಯನ್ನು ಮೂಗು ಹಿಡಿದು ಗುಟುಕರಿಸಿದ ಹಾಗಿತ್ತು ಅದು. ಸಿನಿಮಾದಲ್ಲಿ ಸಾವಿರ ನಗು ನೋಡಿದ್ದ ಡೈಲಾಗಿಗೆ ಈ ನಗು ಯಾವ ಪಾತ್ರದ್ದೆಂದು ತಿಳಿಯಲಿಲ್ಲ.

ಹೊರಗೆ ಜೀಪಿನಲ್ಲಿ ಸಾಹೇಬರು ಕೆನ್ನೆ ತಿಕ್ಕಿಕೊಂಡರು. “ಚೀಲದ ಬಾಯಿ ಮೇಲಿತ್ತು ಅಂತ ಕೋರ್ಟಲ್ಲಿ ಹೇಳಿದ್ರೆ ನಮ್ಮ ಬಾಯಿ ಮುಚ್ಚಿಸ್ತಾರೆ. ನಾಳೆ ಅಂಗಡಿಗೇ ಹೋಗೋಣ.” ಡಾಕ್ಟರ ಹತ್ತಿರ ಒಂದು ದಿನ ಹೆಚ್ಚು ಕೇಳಿದರು. ಮಗಳು ಸೂಟ್‌ಕೇಸುಗಳನ್ನು ಒಳಗಿಡಲಿಲ್ಲ, ಹೊರಗೂ ಒಯ್ಯಲಿಲ್ಲ.

ಸೋಮವಾರ ಹನ್ನೊಂದಕ್ಕೆ ಅವರು ಕನ್ನಡಕದ ಅಂಗಡಿಗೆ ಹೋದರು. ಗೋಡೆ ತುಂಬ ಕಣ್ಣಿಲ್ಲದ ಕನ್ನಡಕಗಳು ಸಾಲಾಗಿ ನೋಡುತ್ತಿದ್ದವು. ಪರೀಕ್ಷೆಯ ಕುರ್ಚಿಯಲ್ಲಿ ಸಾಹೇಬರು ತಾವೇ ಕೂತರು. ನಿನ್ನೆಯ ಹಲ್ಲುನೋವಿನವರು ಇಂದು ಖಾಕಿಯಲ್ಲಿ ಬಂದದ್ದು ನೋಡಿಯೂ ಕನ್ನಡಕದವನು ಬೆಚ್ಚಲಿಲ್ಲ. ಶಟರನ್ನು ಅರ್ಧ ಇಳಿಸಿದ.

“ಎರಡು ವಾರದ ಹಿಂದಿನ ಭಾನುವಾರ ರೆಕಾರ್ಡೆಲ್ಲ ವಾಪಸ್ ಜೋಡಿಸಿದ್ದು ಯಾರು?”

“ನಾನೇ. ಡಾಕ್ಟರಿಗೆ ಫೋನ್ ಬಂದಿತ್ತು, ಆಚೆ ಹೋಗಿದ್ರು.”

“ಒಳಚೀಲದ ಬಾಯಿ ಮೇಲೆ ಮಾಡಿ ಇಡ್ತೀರಿ. ಯಾಕೆ?”

“ಒಳಗೆ ಧೂಳು ಹೋಗಲ್ಲ. ತಟ್ಟೆ ಜಾರಿ ಬೀಳಲ್ಲ. ಡಾಕ್ಟರಿಗೂ ಎಷ್ಟು ಸಲ ಹೇಳಿದೀನಿ, ಕೇಳಲ್ಲ ಅವರು.”

ಅಷ್ಟು ಹೇಳಿ ಅವನು ನಿಲ್ಲಿಸಿದ. ಕೈಯಲ್ಲಿದ್ದ ಗಾಜು ಒರೆಸುವ ಬಟ್ಟೆಯನ್ನು ಮಡಿಸಿದ, ಮತ್ತೆ ಮಡಿಸಿದ.

“ಅದನ್ನೂ ಹಾಗೇ ಇಟ್ಟಿದ್ದೆ, ಅಲ್ವಾ ಸರ್?”

“ಹಾಗೇ ಇಟ್ಟಿದ್ರಿ.”

“ಕಳ್ಳತನ ಮಾಡುವಾಗ್ಲಾದ್ರೂ ಅವರ ಥರ ಇಡೋಣ ಅಂತ ಹೊಳೀಲಿಲ್ಲ. ಯಾರ ತಟ್ಟೆ ಆದ್ರೇನು, ಜಾರಿ ಒಡೆದ್ರೆ ಒಡೆದಂತೇ ಅಲ್ವಾ.”

ಸಾಹೇಬರು ಬಂಧನದ ವಿಷಯ ತಿಳಿಸಿದರು. ಅವನು ಅಂಗಡಿಯ ಬೀಗ ತಾನೇ ಹಾಕಿ, ಕೀಲಿಯನ್ನು ಡೈಲಾಗಿನ ಕೈಗೆ ಕೊಟ್ಟ.

ಮಧ್ಯಾಹ್ನ ಎರಡಕ್ಕೆ ಅವನ ಮನೆಯಲ್ಲಿ ಜಪ್ತಿ ಪಂಚನಾಮೆ. ಪಂಚರಿಬ್ಬರು ಬಂದರು. ತಟ್ಟೆ ಗುರುತಿಸಲು ಡಾಕ್ಟರನ್ನು ಕರೆಸಿದರು. ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದಿದ್ದು ಅಳಿಯ. ಹೆಂಡತಿ ಕಳಿಸಿದಳೋ, ತಾನೇ ಬಂದನೋ, ಗೇಟಿನ ಹೊರಗೇ ನಿಂತಿದ್ದ.

“ಒಳಗೆ ಬಾರಪ್ಪ. ಬಿಸಿಲು,” ಎಂದರು ಡಾಕ್ಟರು.

“ಹೆಸರು ಬರೆಸೋಕಾ ಮಾವ?”

“ನಿನ್ನ ಹೆಸರು ಎಲ್ಲೂ ಬರೆಸಿಲ್ಲ.”

“ಬಾಯಲ್ಲಿ ಹೇಳಿದ್ರಲ್ಲ.”

ಡಾಕ್ಟರು ಗೇಟಿನ ಚಿಲಕವನ್ನು ಎರಡು ಸಲ ಹಾಕಿ ತೆಗೆದರು. “ಹೇಳಿದೆ. ತಪ್ಪಾಯ್ತು. ಆ ಪೆಟ್ಟಿಗೆಗಳನ್ನ ಒಳಗಿಡು ಅಂತ ಅವಳಿಗೆ ಹೇಳೋಕೆ ನನಗೆ ಮುಖ ಇಲ್ಲ. ನೀನೇ ಹೇಳು.”  ಅಳಿಯ ಸ್ಕೂಟರಿಗೆ ಸ್ಟ್ಯಾಂಡು ಹಾಕಿ ಒಳಗೆ ಬಂದ.

ತಟ್ಟೆ ಅಲಮಾರಿಯಲ್ಲಿ, ಇಸ್ತ್ರಿ ಮಾಡಿದ ಅಂಗಿಗಳ ನಡುವೆ ನೆಟ್ಟಗೆ ನಿಂತಿತ್ತು. ಕದ್ದದ್ದು ಇದೇ ಎಂದು ಬರೆಯಬೇಕಾದರೆ ಕೇಳಿ ನೋಡಲೇಬೇಕು. ಕನ್ನಡಕದವನು ತಾನೇ ಪ್ಲೇಯರ್ ಹಚ್ಚಿ, ಎರಡನೇ ಬದಿಯ ಕೊನೆಯ ಹಾಡಿನ ಅಂಚಿಗೆ ಮುಳ್ಳು ಇಳಿಸಿದ. ಟ್ರಂಪೆಟ್ ಊದಿತು. ಬೈಗುಳ ಬಂತು. ನಗು ಬಂತು. ಡೈಲಾಗಿನ ತುಟಿ ಅಭ್ಯಾಸಬಲದಿಂದ ಅರಳಿತ್ತು. ಆಗ ಆ ಸಣ್ಣ ದನಿ ಬಂತು. ರೆಕಾರ್ಡು ಅಂಗಡಿಯವ ಮಾಡಿ ತೋರಿಸಿದ್ದಕ್ಕಿಂತ ತುಂಬ ಮೆಲ್ಲಗಿತ್ತು, ತುಂಬ ಎಳೆಯದಾಗಿತ್ತು. ಇಪ್ಪತ್ತು ದಾಟಿರದ ಹುಡುಗನ ದನಿ. ಕನ್ನಡಕದವನು ಅದರ ಜೊತೆಗೇ ತುಟಿ ಆಡಿಸುತ್ತಿದ್ದುದನ್ನು ಕೋಣೆಯಲ್ಲಿದ್ದವರೆಲ್ಲ ನೋಡಿದರು.

“ನಮ್ಮಪ್ಪ,” ಎಂದ.

ಉಳಿದದ್ದನ್ನು ಅವನು ಸಾಹೇಬರ ಪ್ರಶ್ನೆಗಳಿಗೆ ಒಂದೊಂದಾಗಿ ಹೇಳಿದ. ಅದಾದ ಮೇಲೆ ಅಪ್ಪ ಬಸ್ ಡಿಪೋದಲ್ಲಿ ಟೈರಿನ ಕೆಲಸಕ್ಕೆ ಸೇರಿದ್ದರು. ಟ್ರಂಪೆಟ್ ಮುಟ್ಟಲಿಲ್ಲ. ಮನೆಯಲ್ಲೂ ಮಾತು ಕಡಿಮೆ. ಸತ್ತ ಮೇಲೆ ಒಂದು ಫೋಟೋ ಉಳಿಯಿತು, ದನಿ ಎಲ್ಲೂ ಉಳಿಯಲಿಲ್ಲ. ಈ ತಟ್ಟೆಗಾಗಿಯೇ ಅವನು ರೆಕಾರ್ಡಿನವರ ಗುಂಪು ಸೇರಿದ್ದ. ಸಿಕ್ಕಿದಾಗ ಅದು ಡಾಕ್ಟರ ಕಪಾಟಿನಲ್ಲಿತ್ತು. ತನ್ನಲ್ಲಿರುವ ಅಷ್ಟನ್ನೂ ಕೊಡುತ್ತೇನೆ, ಅದೊಂದು ಕೊಡಿ ಎಂದು ಕೇಳಿದ್ದ. ಡಾಕ್ಟರು ತಮಾಷೆ ಎಂದುಕೊಂಡು ನಕ್ಕಿದ್ದರು.

“ನಮ್ಮಪ್ಪ ಅಂತ ಅವತ್ತೇ ಹೇಳಬಹುದಿತ್ತಲ್ಲ?” ಸಾಹೇಬರು ಕೇಳಿದರು.

“ಹೇಳಿದ್ರೆ ಪಾಪ ಅಂತಿದ್ರು. ನಗೋದನ್ನ ತಡ್ಕೋಬಹುದು ಸರ್, ಅದನ್ನ ಆಗಲ್ಲ.”

“ಎರಡನೇ ಅಚ್ಚು ಯಾಕೆ ಇಟ್ರಿ? ಸಿಕ್ಕಿಬೀಳ್ತೀನಿ ಅಂತ ಗೊತ್ತಿತ್ತು.”

“ಒಂದು ಭಾನುವಾರ ಆದ್ರೂ ಬರೀ ಹಾಡು ಕೇಳ್ಲಿ ಅಂತ. ಆಮೇಲೆ ಎರಡನೇ ಚರಣದಲ್ಲಿ ಟ್ರಂಪೆಟ್ ಬರುತ್ತೆ. ಅದೂ ಅವರೇ ಊದಿರೋದು. ಇಷ್ಟು ವರ್ಷದಲ್ಲಿ ಆ ಕೋಣೇಲಿ ಯಾರೂ ಅಲ್ಲಿವರೆಗೂ ಸುಮ್ಮನೆ ಕೂತು ಕೇಳಿಲ್ಲ. ನಗ್ತಾನೇ ಇರ್ತಾರೆ.”

ಮುಳ್ಳು ಆಗ ಎರಡನೇ ಚರಣಕ್ಕೆ ಬಂದಿತ್ತು. ಟ್ರಂಪೆಟ್ ತನ್ನ ಸರದಿಗೆ ಸರಿಯಾಗಿ ಎದ್ದು, ಹಾಡುವವಳ ದನಿಯ ಪಕ್ಕದಲ್ಲೇ ಸ್ವಲ್ಪ ದೂರ ನಡೆದು, ಹಿಂದೆ ಸರಿಯಿತು. ಡಾಕ್ಟರು ತಲೆ ತಗ್ಗಿಸಿ ಕೇಳಿದರು. 

ರೈಟರಮ್ಮ ವಶಪಡಿಸಿಕೊಂಡ ವಸ್ತುವಿನ ಗುರುತು ಬರೆದದ್ದನ್ನು ಎಲ್ಲರಿಗೂ ಕೇಳುವಂತೆ ಓದಿದರು. ಒಂದು ಕಪ್ಪು ಗ್ರಾಮಫೋನ್ ತಟ್ಟೆ. ಎರಡನೇ ಬದಿಯ ಕೊನೆಯ ಹಾಡಿಗೆ ಮುಂಚೆ ಒಬ್ಬರು ಬೈಯುವ, ಹಲವರು ನಗುವ, ಮತ್ತೊಬ್ಬರು ಉತ್ತರ ಕೊಡುವ ಧ್ವನಿ ಇರುತ್ತದೆ.

“ಮೇಡಂ, ಮತ್ತೊಬ್ಬರು ಅಂತ ಬೇಡ,” ಎಂದ ಕನ್ನಡಕದವನು. “ಅವರ ಹೆಸರು ಕವರಿನ ಮೇಲೂ ಇಲ್ಲ, ಲೇಬಲ್ಲಿನ ಮೇಲೂ ಇಲ್ಲ.”

ರೈಟರಮ್ಮ ಸಾಹೇಬರನ್ನು ನೋಡಿದರು. ಸಾಹೇಬರು ಡಾಕ್ಟರನ್ನು ನೋಡಿದರು. ಡಾಕ್ಟರು ತಲೆಯಾಡಿಸಿದರು.

ರೈಟರಮ್ಮ ಆ ಒಂದು ಪದಕ್ಕೆ ಗೆರೆ ಎಳೆದು, ಮೇಲೆ ಆರೋಪಿಯ ತಂದೆಯವರು ಎಂದು ಬರೆದು, ಮುಂದೆ ಅವರ ಪೂರ್ತಿ ಹೆಸರು, ಟ್ರಂಪೆಟ್ ವಾದಕರು ಎಂದು ಸೇರಿಸಿದರು. ತಿದ್ದಿದ ಜಾಗಕ್ಕೆ ಪಂಚರು ಒಬ್ಬೊಬ್ಬರಾಗಿ ಬಂದು ಸಹಿ ಹಾಕಿದರು.